ಕೇಳುವ ಕಿವಿ, ಕೂಗುವ ಕಪ್ಪೆ

ಮಳೆ ಕೈಕೊಟ್ಟ ವರ್ಷ ನಮ್ಮ ಊರುಗಳಲ್ಲಿ ಕಪ್ಪೆಗಳಿಗೆ ಮದುವೆ ಮಾಡಿಸುತ್ತಾರೆ. ಗಂಡೊಂದನ್ನು ಹೆಣ್ಣೊಂದನ್ನು ಹಿಡಿದು ತಂದು, ಅರಿಶಿನ ಕುಂಕುಮ ಹಚ್ಚಿ, ವಾಲಗ ಊದಿಸಿ, ಕೊನೆಗೆ ನೀರಿಗೆ ಬಿಡುತ್ತಾರೆ. ವರ ಯಾವುದು, ವಧು ಯಾವುದು ಎಂದು ಅಲ್ಲಿ ಗೊತ್ತುಮಾಡುವವರು ಊರಿನ ಹಿರಿಯರು. ಕಪ್ಪೆಗಳು ತಮ್ಮಷ್ಟಕ್ಕೆ ತಾವಿದ್ದಾಗ ಸಂಬಂಧ ಕುದುರುವುದು ಹಾಗಲ್ಲ. ಅಲ್ಲಿ ವರನನ್ನು ಆರಿಸುವುದು ಹೆಣ್ಣು. ಅದೂ ಕಗ್ಗತ್ತಲಲ್ಲಿ, ಹೆಚ್ಚಾಗಿ ದನಿಯೊಂದನ್ನೇ ನಂಬಿ. ಹೆಣ್ಣುಕಪ್ಪೆ ಯಾವ ದನಿಯನ್ನು ಮೆಚ್ಚುತ್ತದೆ, ಅದನ್ನೇ ಏಕೆ ಮೆಚ್ಚುತ್ತದೆ ಎಂಬ ಪ್ರಶ್ನೆಯ ಬೆನ್ನುಹತ್ತಿ ನಾಲ್ಕು ದಶಕಕ್ಕೂ ಮಿಕ್ಕಿ ಕೆಲಸ ಮಾಡಿದವರು ಅಮೆರಿಕದ ಪ್ರಾಣಿವಿಜ್ಞಾನಿ ಮೈಕೆಲ್ ಜೆ. ರಯಾನ್. ಅವರ ಕೆಲಸದ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ. ಜೀವಶಾಸ್ತ್ರವನ್ನು ಎಸ್ಸೆಸ್ಸೆಲ್ಸಿಯಲ್ಲೇ ಬಿಟ್ಟು ಬಂದವರೂ ಓದಬೇಕೆಂಬುದು ನನ್ನ ಆಸೆ. ಆದ್ದರಿಂದ ಸ್ವಲ್ಪ ಹಿಂದಿನಿಂದ ಶುರುಮಾಡುತ್ತೇನೆ.

ಡಾರ್ವಿನ್ 1859ರಲ್ಲಿ ನೈಸರ್ಗಿಕ ಆಯ್ಕೆಯ ವಾದವನ್ನು ಪುಸ್ತಕವಾಗಿ ಮುಂದಿಟ್ಟಿದ್ದು ನಿಮಗೆ ಗೊತ್ತಿರುತ್ತದೆ. ಬದುಕುಳಿಯಲು ಅನುಕೂಲವಾದ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಉಳಿಯುತ್ತವೆ, ಅನನುಕೂಲವಾದವು ಅಳಿಯುತ್ತವೆ. ಆದರೆ ಗಂಡು ನವಿಲಿನ ಆ ಉದ್ದನೆಯ ಗರಿ? ಅದನ್ನು ಹೊತ್ತು ಹಾರುವುದೇ ಕಷ್ಟ, ಹುಲಿಯ ಕಣ್ಣಿಗೆ ಬೀಳುವುದು ಸುಲಭ. ಬದುಕುಳಿಯುವ ಲೆಕ್ಕದಲ್ಲಿ ಅದು ನಷ್ಟವೇ. ಇದಕ್ಕೆ ಡಾರ್ವಿನ್ 1871ರ ಇನ್ನೊಂದು ಪುಸ್ತಕದಲ್ಲಿ ವಿಸ್ತಾರವಾಗಿ ಉತ್ತರ ಬರೆದರು: ಹೆಣ್ಣುಗಳು ಆರಿಸುತ್ತವೆ, ಆರಿಸಿಕೊಂಡ ಗಂಡಿನ ಗುಣ ಮಕ್ಕಳಿಗೆ ಹೋಗುತ್ತದೆ, ಹೀಗೆ ಆಡಂಬರ ಬೆಳೆಯುತ್ತದೆ. ಇದಕ್ಕೆ ಲೈಂಗಿಕ ಆಯ್ಕೆ ಎಂದು ಹೆಸರು. ಡಾರ್ವಿನ್ನರ ಜೊತೆಗಾರ ವಾಲೇಸ್ ಅವರಿಗೇ ಈ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ಪ್ರಾಣಿಗಳಿಗೆ, ಅದರಲ್ಲೂ ಹೆಣ್ಣು ಪ್ರಾಣಿಗಳಿಗೆ, 'ಅಭಿರುಚಿ' ಎಂಬುದು ಇದೆ ಎಂದರೆ ನಂಬುವವರು ಕಡಿಮೆ. ಗಂಡುಗಳ ಕಾದಾಟವನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು, ಹೆಣ್ಣಿನ ಆಯ್ಕೆಯನ್ನು ತೋರಿಸಿಕೊಟ್ಟವರು ವಿರಳ. ನೂರು ವರ್ಷ ಕಳೆದರೂ ಈ ವಾದಕ್ಕೆ ಗಟ್ಟಿ ಪುರಾವೆ ಬೇಕಾಗಿಯೇ ಇತ್ತು.

ರಯಾನ್ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮಾಡುವಾಗ ಬುಲ್‌ಫ್ರಾಗ್ ಎಂಬ ದೊಡ್ಡ ಕಪ್ಪೆಯ ಸಂತಾನೋತ್ಪತ್ತಿಯನ್ನು ಅಭ್ಯಾಸ ಮಾಡಿದರು. ಅಲ್ಲಿಂದ ಪಿಎಚ್.ಡಿ.ಗೆಂದು ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಕ್ಷೇತ್ರಕಾರ್ಯಕ್ಕೆ ಹೋದದ್ದು ಪನಾಮಾ ದೇಶದ ಬಾರೋ ಕೊಲರಾಡೊ ದ್ವೀಪಕ್ಕೆ. ಇದು ಹುಟ್ಟಾ ದ್ವೀಪವಲ್ಲ. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಕಣಿವೆ ಮುಳುಗಿ ಗಾಟುನ್ ಸರೋವರವಾಯಿತು. ಬೆಟ್ಟದ ನೆತ್ತಿಯೊಂದು ನೀರಿನ ನಡುವೆ ಉಳಿದುಕೊಂಡಿತು. ಸುಮಾರು ಹದಿನೈದೂವರೆ ಚದರ ಕಿಲೋಮೀಟರಿನ ಆ ಕಾಡನ್ನು 1923ರಲ್ಲಿ ಸಂರಕ್ಷಿತ ತಾಣವಾಗಿ ಘೋಷಿಸಿದರು. ಈಗ ಅದು ಸ್ಮಿತ್ಸೋನಿಯನ್ ಸಂಸ್ಥೆಯ ಉಷ್ಣವಲಯ ಸಂಶೋಧನಾ ಕೇಂದ್ರದ ಕೈಯಲ್ಲಿದೆ. ಶರಾವತಿಯ ಹಿನ್ನೀರಿನಲ್ಲಿ ಗುಡ್ಡದ ತಲೆಗಳು ನಡುಗಡ್ಡೆಗಳಾಗಿ ಉಳಿದದ್ದನ್ನು ನೋಡಿದವರಿಗೆ ಆ ಜಾಗದ ಕಲ್ಪನೆ ಸುಲಭವಾಗಿ ಬರುತ್ತದೆ.

ಅಲ್ಲಿ ರಯಾನ್ ಆರಿಸಿಕೊಂಡದ್ದು ಟುಂಗಾರಾ ಕಪ್ಪೆಯನ್ನು. ನೋಡಲು ಏನೂ ವಿಶೇಷವಿಲ್ಲ. ಮೂರು ಸೆಂಟಿಮೀಟರಿನಷ್ಟು ಉದ್ದ, ಎರಡು ಗ್ರಾಂ ಆಜುಬಾಜು ತೂಕ, ಮೈಮೇಲೆ ಗುಳ್ಳೆಗುಳ್ಳೆ, ಕಂದು ಬಣ್ಣ. ಮಳೆ ನಿಂತ ಮೇಲೆ ರಸ್ತೆಬದಿಯ ಹೊಂಡ, ಗಾಡಿಚಕ್ರದ ಗುಂಡಿ, ಚರಂಡಿ ಎಲ್ಲಿ ನೀರಿದ್ದರೂ ಅಲ್ಲಿ ಹಾಜರು. ಹೊಸಬರಿಗೆ ಇಲ್ಲಿ ಒಂದು ಮಾತು. ಸಂಶೋಧನೆಗೆ ಅಪರೂಪದ ಪ್ರಾಣಿಯೇ ಆಗಬೇಕೆಂದಿಲ್ಲ. ಬೇಕಾದದ್ದು ಕೈಗೆ ಸಿಗುವ ಪ್ರಾಣಿ. ದಿನಕ್ಕೊಂದು ಸಿಗುವ ಕಪ್ಪೆಯಿಂದ ಗೊತ್ತಾಗುವುದು ವರ್ಷಕ್ಕೊಂದು ಸಿಗುವ ಕಪ್ಪೆಯಿಂದ ಗೊತ್ತಾಗುವುದಿಲ್ಲ.

ರಯಾನ್ ಅಲ್ಲಿನ ಕೊಳವೊಂದರ ದಂಡೆಯಲ್ಲಿ 186 ರಾತ್ರಿ, ಒಂದೂ ತಪ್ಪದೆ, ಸಂಜೆಯಿಂದ ಬೆಳಗಿನವರೆಗೆ ಕುಳಿತರು. ಸುಮಾರು ಸಾವಿರ ಕಪ್ಪೆಗಳಿಗೆ ಒಂದೊಂದಾಗಿ ಗುರುತು ಹಾಕಿದರು. ತಕ್ಕಡಿಯಲ್ಲಿ ಕಪ್ಪೆ ತೂಗುವುದೆಂದರೆ ಆಗದ ಕೆಲಸ ಎಂದು ನಾವು ನಗುತ್ತೇವೆ. ಸಾವಿರ ಕಪ್ಪೆಗಳಿಗೆ ಲೆಕ್ಕ ಇಡುವುದು ಅದಕ್ಕಿಂತ ಕಡಿಮೆಯದೇನಲ್ಲ. ಯಾವ ಗಂಡು ಯಾವ ರಾತ್ರಿ ಬಂತು, ಎಷ್ಟು ಹೊತ್ತು ಕೂಗಿತು, ಹೆಣ್ಣು ಸಿಕ್ಕಿತೇ ಇಲ್ಲವೇ, ಸಿಕ್ಕಿದ್ದರೆ ಅವೆರಡರ ಗಾತ್ರವೆಷ್ಟು? ಇಷ್ಟೇ ಪ್ರಶ್ನೆ, ಮತ್ತೆ ಮತ್ತೆ. ಗುರುತು ಹಾಕದಿದ್ದರೆ ನಿನ್ನೆ ಕೂಗಿದ ಕಪ್ಪೆ ಯಾವುದು, ಇಂದು ಕೂಗುತ್ತಿರುವುದು ಯಾವುದು ಎಂದು ತಿಳಿಯುವ ಬಗೆಯೇ ಇಲ್ಲ. ವರ್ತನೆಯ ಅಧ್ಯಯನದಲ್ಲಿ ಮುಕ್ಕಾಲು ಪಾಲು ಕೆಲಸ ಹೀಗೆ ಗುರುತು ಹಾಕಿ ಕಾಯುವುದು. ಉಳಿದ ಕಾಲುಭಾಗವೇ ನಾವು ಪತ್ರಿಕೆಯಲ್ಲಿ ಓದುವ 'ಸಂಶೋಧನೆ'.

ಆ ರಾತ್ರಿಗಳಲ್ಲಿ ಅವರು ಕಂಡದ್ದು ಇದು. ಗಂಡುಗಳು ನೀರಿನಲ್ಲಿ ತೇಲುತ್ತಾ, ಮೈಗಿಂತ ದೊಡ್ಡದೆನಿಸುವ ಗಂಟಲಚೀಲವನ್ನು ಉಬ್ಬಿಸಿ ಕೂಗುತ್ತವೆ. ಹೆಣ್ಣು ದಂಡೆಯಿಂದ ಇಳಿದು ಬರುತ್ತದೆ. ಒಂದು ಗಂಡಿನ ಮುಂದೆ ನಿಲ್ಲುತ್ತದೆ, ಬಿಟ್ಟು ಮುಂದೆ ಹೋಗುತ್ತದೆ, ಇನ್ನೊಂದರ ಹತ್ತಿರ ಕೂರುತ್ತದೆ, ಕೆಲವೊಮ್ಮೆ ಮೊದಲನೆಯದರ ಬಳಿಗೇ ಮರಳುತ್ತದೆ. ಯಾವ ಗಂಡೂ ಅದನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಿಲ್ಲ. ಮೆಚ್ಚಿದ ಗಂಡಿನ ಹತ್ತಿರ ಹೋಗಿ ಹೆಣ್ಣೇ ಮೈ ತಾಗಿಸಿದಾಗ ಗಂಡು ಅದರ ಬೆನ್ನೇರಿ ಮುಂಗಾಲುಗಳಿಂದ ತಬ್ಬಿಕೊಳ್ಳುತ್ತದೆ.

ಮುಂದಿನದು ನೋಡಲು ಚೆಂದ. ಹೆಣ್ಣು ಮೊಟ್ಟೆಗಳ ಜೊತೆ ಅಂಟುದ್ರವವೊಂದನ್ನು ಹೊರಬಿಡುತ್ತದೆ. ಗಂಡು ಹಿಂಗಾಲುಗಳಿಂದ ಅದನ್ನು ಬಳಿದುಕೊಂಡು ಸರಸರನೆ ಕಡೆಯುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಮತ್ತೆ ಕಡೆಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ನೀರಿನ ಮೇಲೆ ಬಿಳಿ ನೊರೆಯ ಗುಡ್ಡೆ ಎದ್ದು, ಇನ್ನೂರಕ್ಕೂ ಮಿಕ್ಕಿದ ಮೊಟ್ಟೆಗಳು ಅದರೊಳಗೆ ಹುದುಗಿರುತ್ತವೆ. ಮೂರು ನಾಲ್ಕು ದಿನದಲ್ಲಿ ಗೊದಮೊಟ್ಟೆಗಳು ಹೊರಬಂದು ನೀರಿಗಿಳಿಯುವವರೆಗೆ ಈ ನೊರೆ ಇಂಗುವುದಿಲ್ಲ, ಕೊಳೆಯುವುದೂ ಇಲ್ಲ. ಬಿಸಿಲಿನ ನಾಡಿನಲ್ಲಿ, ಕೊಳಕು ಗುಂಡಿಯ ನೀರಿನಲ್ಲಿ ನೊರೆ ಇಷ್ಟು ದಿನ ಹೇಗೆ ಉಳಿಯುತ್ತದೆ? ಗ್ಲಾಸ್ಗೊ ವಿಶ್ವವಿದ್ಯಾಲಯದ ಮ್ಯಾಲ್ಕಮ್ ಕೆನಡಿ ಮತ್ತು ಆ್ಯಲನ್ ಕೂಪರ್ ಅವರ ತಂಡ ಇದನ್ನು ಬಿಡಿಸಿ ನೋಡಿ, ರಾನಾಸ್ಪ್ಯೂಮಿನ್ ಎಂದು ಹೆಸರಿಟ್ಟ ಪ್ರೋಟೀನುಗಳ ಗುಂಪನ್ನು ಗುರುತಿಸಿತು. ಕೆಲವು ನೊರೆ ಕಟ್ಟಲು, ಕೆಲವು ಸೂಕ್ಷ್ಮಜೀವಿಗಳನ್ನು ದೂರವಿಡಲು. ಇದು ರಯಾನ್ ಅವರ ಕೆಲಸವಲ್ಲ, ಆದರೂ ಈ ಕಪ್ಪೆಯ ವಿಷಯ ಹೇಳುವಾಗ ಬಿಡಲು ಮನಸ್ಸಾಗುವುದಿಲ್ಲ. ನಮ್ಮ ಮಲೆನಾಡಿನ ಹಾರುಕಪ್ಪೆಯೂ ನೊರೆಗೂಡು ಕಟ್ಟುತ್ತದೆ. ಅದು ಕಟ್ಟುವುದು ಕೆರೆ, ಬಾವಿಗಳ ಮೇಲೆ ಬಾಗಿದ ಎಲೆ ಕೊಂಬೆಗಳಿಗೆ, ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುವಂತೆ. ಜೂನ್ ಜುಲೈನಲ್ಲಿ ತೋಟದ ಬಾವಿಯ ಮೇಲೆ ಬಿಳಿ ಉಂಡೆ ತೂಗುತ್ತಿದ್ದರೆ ಅದು ಇದೇ.

ಈಗ ಕೂಗಿಗೆ ಬರೋಣ. ಇಡೀ ಕಥೆ ನಿಂತಿರುವುದು ಇದರ ಮೇಲೆ.

ಟುಂಗಾರಾ ಗಂಡಿನ ಕೂಗಿನಲ್ಲಿ ಎರಡು ಭಾಗ. ಮೊದಲನೆಯದು ಮೇಲಿನ ಸ್ಥಾಯಿಯಿಂದ ಕೆಳಕ್ಕೆ ಜಾರುವ ದನಿ. ಸುಮಾರು 900 ಹರ್ಟ್ಜ್‌ನಲ್ಲಿ ಶುರುವಾಗಿ 400 ಹರ್ಟ್ಜ್‌ವರೆಗೆ ಇಳಿಯುತ್ತದೆ. ಅವಧಿ ಒಂದು ಸೆಕೆಂಡಿನ ಮೂರನೇ ಒಂದು ಪಾಲು. ಇದನ್ನು ಇಲ್ಲಿ 'ನೀಳದನಿ' ಎನ್ನೋಣ. ಎರಡನೆಯದು ಅದರ ಬಾಲಕ್ಕೆ ಸೇರುವ ಚುಟುಕು ಸದ್ದು, 'ಚಕ್'. ನೀಳದನಿ ಪ್ರತಿ ಕೂಗಿನಲ್ಲೂ ಇರಲೇಬೇಕು. ಚಕ್ ಇರಬಹುದು, ಇಲ್ಲದಿರಬಹುದು. ಒಂದಿರಬಹುದು, ಏಳರವರೆಗೂ ಇರಬಹುದು. ಧ್ವನಿಪೆಟ್ಟಿಗೆಯಲ್ಲಿ ನೇತಾಡುವ ನಾರಿನಂಥ ಗಡ್ಡೆಯೊಂದು ಈ ಚಕ್‌ಗೆ ಕಾರಣ. ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೆ ಗಂಡು ನೀಳದನಿ ಹೊರಡಿಸುತ್ತದೆ, ಚಕ್ ಮಾತ್ರ ಬರುವುದಿಲ್ಲ ಎಂದು ರಯಾನ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ತೋರಿಸಿದರು. ಕೂಗಿನ ಈ ಎರಡು ಭಾಗಗಳನ್ನು ರಯಾನ್‌ಗಿಂತ ಮೊದಲೇ ಗಮನಿಸಿದ್ದವರು ಪನಾಮಾದ ಸ್ಮಿತ್ಸೋನಿಯನ್ ಕೇಂದ್ರದ ಸ್ಟ್ಯಾನ್ಲಿ ರ್‍ಯಾಂಡ್. ರಯಾನ್ ಅವರ ಬಹುಪಾಲು ಕೆಲಸದಲ್ಲಿ ರ್‍ಯಾಂಡ್ 2005ರಲ್ಲಿ ತೀರಿಕೊಳ್ಳುವವರೆಗೂ ಜೊತೆಗಿದ್ದರು.

ಹೆಣ್ಣಿಗೆ ಯಾವುದು ಇಷ್ಟ ಎಂದು ಕೇಳುವುದು ಹೇಗೆ? ಕೊಳದ ದಂಡೆಯಲ್ಲಿ ಕುಳಿತು ಹೇಳಲಾಗದು, ಏಕೆಂದರೆ ದನಿ ಬೇರೆಯಾದ ಗಂಡಿನ ಗಾತ್ರ, ಜಾಗ, ವಾಸನೆ ಎಲ್ಲವೂ ಬೇರೆ ಇರಬಹುದು. ಆದ್ದರಿಂದ ಗಂಡನ್ನೇ ತೆಗೆದುಬಿಡಬೇಕು. ಕತ್ತಲಕೋಣೆಯ ಎರಡು ತುದಿಗೆ ಎರಡು ಸ್ಪೀಕರ್. ನಡುವೆ ಒಂದು ಆಲಿಕೆ ಬೋರಲು ಹಾಕಿ, ಅದರ ಕೆಳಗೆ ಮೊಟ್ಟೆಯಿಡಲು ಸಿದ್ಧವಾದ ಹೆಣ್ಣು. ಒಂದು ಸ್ಪೀಕರಿನಿಂದ ಬರೀ ನೀಳದನಿ, ಇನ್ನೊಂದರಿಂದ ಅದೇ ನೀಳದನಿಗೆ ಚಕ್ ಸೇರಿಸಿದ್ದು; ಸರದಿಯಂತೆ, ಒಂದೇ ಜೋರಿನಲ್ಲಿ. ಆಲಿಕೆ ಎತ್ತಿದ ಮೇಲೆ ಹೆಣ್ಣು ಯಾವ ಸ್ಪೀಕರಿನ ಹತ್ತಿರ ಕುಪ್ಪಳಿಸಿ ಹೋಗಿ ಕೂರುತ್ತದೆ ಎಂದು ಅವಕೆಂಪು ಕ್ಯಾಮೆರಾದಲ್ಲಿ ನೋಡುವುದು. ಯಾವ ಬದಿಗೆ ಯಾವ ಕೂಗು ಎಂಬುದನ್ನು ಆಗಾಗ ಅದಲು ಬದಲು ಮಾಡುವುದು. ಪರೀಕ್ಷೆ ಮುಗಿದ ಹೆಣ್ಣನ್ನು ಅದೇ ರಾತ್ರಿ ಹಿಡಿದಲ್ಲಿಗೇ ಬಿಟ್ಟುಬರುವುದು. ಇಷ್ಟು ಸರಳ. ನನ್ನ ಮಟ್ಟಿಗೆ ಹೇಳುವುದಾದರೆ, ಪ್ರಯೋಗ ಎಂದರೇನು ಎಂದು ಹೊಸ ವಿದ್ಯಾರ್ಥಿಗೆ ಹೇಳಿಕೊಡಲು ಇದಕ್ಕಿಂತ ಚೊಕ್ಕವಾದ ಉದಾಹರಣೆ ಸಿಗುವುದು ಕಷ್ಟ. ಒಂದನ್ನು ಬಿಟ್ಟು ಉಳಿದೆಲ್ಲವೂ ಸಮ. ಉತ್ತರ ಕೊಡುವುದು ಕಪ್ಪೆಯ ಕಾಲು.

ಉತ್ತರ ಸ್ಪಷ್ಟವಾಗಿತ್ತು. ನೀಳದನಿ ಒಂದೇ ಇದ್ದರೂ ಹೆಣ್ಣು ಬರುತ್ತದೆ. ಎರಡೂ ಎದುರಿಗಿದ್ದಾಗ ಚಕ್ ಇರುವ ಕಡೆಗೆ ಹೋಗುವುದು ಹೆಚ್ಚುಕಡಿಮೆ ಐದು ಪಟ್ಟು. ಇದಕ್ಕೆ ಇನ್ನೊಂದು ಎಳೆಯೂ ಇದೆ. ದೊಡ್ಡ ಗಂಡಿನ ಧ್ವನಿಪೆಟ್ಟಿಗೆ ದೊಡ್ಡದು, ಆದ್ದರಿಂದ ಅದರ ಚಕ್ ತುಸು ದಪ್ಪ ದನಿ. ಹೆಣ್ಣುಗಳು ದಪ್ಪ ದನಿಯ ಚಕ್ ಕಡೆಗೆ ಹೆಚ್ಚು ಹೋಗುತ್ತವೆ. ಅಂದರೆ ಕತ್ತಲಲ್ಲೂ ದೊಡ್ಡ ಗಂಡನ್ನು ಆರಿಸುತ್ತವೆ. ಕೊಳದ ಲೆಕ್ಕವೂ ಅದನ್ನೇ ಹೇಳಿತ್ತು: ದೊಡ್ಡ ಗಂಡುಗಳಿಗೆ ಹೆಣ್ಣು ಸಿಗುವ ಸಾಧ್ಯತೆ ಹೆಚ್ಚು. ಇದರಿಂದ ಹೆಣ್ಣಿಗೇನು ಲಾಭ? ಹೆಣ್ಣು ಸಾಮಾನ್ಯವಾಗಿ ಗಂಡಿಗಿಂತ ದೊಡ್ಡದು. ಬೆನ್ನೇರಿದ ಗಂಡು ತೀರಾ ಚಿಕ್ಕದಾದರೆ ಹೊಂದಾಣಿಕೆ ತಪ್ಪಿ ಒಂದಷ್ಟು ಮೊಟ್ಟೆಗಳು ಫಲಿತವಾಗದೆ ಉಳಿಯುತ್ತವೆ; ಗಾತ್ರದ ಅಂತರ ಕಡಿಮೆಯಾದಷ್ಟೂ ಹಾಳಾಗುವ ಮೊಟ್ಟೆಗಳು ಕಡಿಮೆ. ಇದನ್ನೂ ರಯಾನ್ ಗೂಡುಗಳಲ್ಲಿ ಎಣಿಸಿ ನೋಡಿದ್ದರು. ದನಿಯಿಂದಲೇ ಹೆಣ್ಣು ಆರಿಸುತ್ತದೆ ಎಂದು ತೋರಿಸಿದ ಈ ಕೆಲಸ 1980ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಆಗ ಅವರಿನ್ನೂ ವಿದ್ಯಾರ್ಥಿ.

ಇಲ್ಲಿಗೆ ಮುಗಿದಿದ್ದರೆ ಅದು ಒಂದು ಒಳ್ಳೆಯ ಪಿಎಚ್.ಡಿ. ಆಗಿರುತ್ತಿತ್ತು, ಅಷ್ಟೇ. ಆದರೆ ಒಂದು ಸಂಗತಿ ಕಾಡುತ್ತಿತ್ತು. ಚಕ್ ಸೇರಿಸಿದರೆ ಐದು ಪಟ್ಟು ಲಾಭವಿರುವಾಗ ಗಂಡುಗಳು ಸದಾ ಚಕ್ ಸೇರಿಸಿಯೇ ಕೂಗಬೇಕಲ್ಲ? ಒಂಟಿಯಾಗಿ ಕೂಗುವ ಗಂಡು ಬಹುಮಟ್ಟಿಗೆ ಬರೀ ನೀಳದನಿಯಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಇನ್ನೊಂದು ಗಂಡು ಶುರುಮಾಡಿದಾಗ ಮಾತ್ರ, ಸ್ಪರ್ಧೆಗೆ ಬಿದ್ದು, ಚಕ್ ಕೂಡಿಸುತ್ತದೆ. ಶ್ರಮ ಹೆಚ್ಚೆಂದೇ? ಕೂಗುವ ಕಪ್ಪೆ ಎಷ್ಟು ಆಮ್ಲಜನಕ ಬಳಸುತ್ತದೆ ಎಂದು ಅಳೆದರು. ಕೂಗುವುದೇ ದುಬಾರಿ, ನಿಜ. ಆದರೆ ಚಕ್ ಸೇರಿಸಿದ್ದಕ್ಕೆ ಪ್ರತ್ಯೇಕ ಖರ್ಚು ಕಾಣಲಿಲ್ಲ. ಹಾಗಾದರೆ ಗಂಡು ತಡೆಯುತ್ತಿರುವುದು ಏಕೆ?

ಉತ್ತರ ಬಂದದ್ದು ಬಾವಲಿಗಳ ಕಡೆಯಿಂದ. ಬಾವಲಿ ತಜ್ಞ ಮರ್ಲಿನ್ ಟಟಲ್ ಅದೇ ದ್ವೀಪದಲ್ಲಿ ಬಾಯಲ್ಲಿ ಕಪ್ಪೆ ಕಚ್ಚಿಕೊಂಡ ಬಾವಲಿಯೊಂದನ್ನು ಬಲೆಯಲ್ಲಿ ಹಿಡಿದಿದ್ದರು. ತುಟಿಯ ಸುತ್ತ ಗುಬುಟುಗಳಿರುವ ಜಾತಿ ಅದು. ವೈಜ್ಞಾನಿಕ ಹೆಸರು ಟ್ರೇಕಾಪ್ಸ್ ಸಿರೋಸಸ್. ಇಬ್ಬರೂ ಸೇರಿ ಪರೀಕ್ಷೆ ಮಾಡಿದರು, ಅದೇ ಎರಡು ಸ್ಪೀಕರಿನ ಉಪಾಯ. ಬಾವಲಿಗಳು ಕಪ್ಪೆಯ ಕೂಗು ಕೇಳಿ ಸ್ಪೀಕರಿನ ಮೇಲೆ ಎರಗಿದವು. ಬರೀ ನೀಳದನಿಗಿಂತ ಚಕ್ ಸೇರಿದ ಕೂಗಿಗೆ ಹೆಚ್ಚಾಗಿ ಎರಗಿದವು. ಬಾವಲಿಗಳು ತಾವೇ ಹೊರಡಿಸುವ ಅತಿ ತಾರದ ದನಿಯ ಪ್ರತಿಧ್ವನಿ ಕೇಳಿ ದಾರಿ ಹುಡುಕುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಈ ಜಾತಿಗೆ ಅದರ ಜೊತೆಗೆ ಕಪ್ಪೆಯ ಕೂಗಿನಂಥ ಕೆಳಗಿನ ದನಿಯೂ ಚೆನ್ನಾಗಿ ಕೇಳುತ್ತದೆ. ಬಾವಲಿಗಳಲ್ಲಿ ಇದು ಅಪರೂಪ. ವಿಷದ ಕಪ್ಪೆಯ ದನಿ ಯಾವುದು, ತಿನ್ನಬಹುದಾದದ್ದು ಯಾವುದು ಎಂದೂ ಅದು ಗುರುತಿಸಬಲ್ಲದು. 1981ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಒಗಟು ಬಿಡಿಸಿಕೊಂಡಿತು. ಹೆಣ್ಣನ್ನು ಕರೆಯುವ ಚಕ್ ಯಮನನ್ನೂ ಕರೆಯುತ್ತದೆ. ಗಂಡು ಪ್ರತಿ ರಾತ್ರಿ ಮಾಡುವುದು ಈ ಎರಡರ ನಡುವಿನ ಲೆಕ್ಕಾಚಾರ. ಹತ್ತಾರು ಗಂಡುಗಳ ಗುಂಪಿನಲ್ಲಿದ್ದರೆ ಬಾವಲಿ ತನ್ನನ್ನೇ ಹಿಡಿಯುವ ಸಾಧ್ಯತೆ ಕಡಿಮೆ, ಸ್ಪರ್ಧೆಯೂ ಹೆಚ್ಚು. ಆಗ ಚಕ್ ಹಾಕಬಹುದು. ಒಂಟಿಯಾಗಿದ್ದಾಗ ಆ ಸಾಹಸ ಏಕೆ?

ಕದ್ದು ಕೇಳುವವರ ಪಟ್ಟಿ ಬಾವಲಿಗೇ ನಿಲ್ಲಲಿಲ್ಲ. ಕಪ್ಪೆಯ ದನಿಯನ್ನು ಹಿಂಬಾಲಿಸಿ ಬಂದು ಅದರ ಮೂಗಿನ ಹೊಳ್ಳೆಯ ಹತ್ತಿರ ಕೂತು ರಕ್ತ ಹೀರುವ ಪುಟ್ಟ ನೊಣಗಳಿವೆ. ಅವಕ್ಕೂ ಚಕ್ ಇದ್ದರೆ ಇಷ್ಟ. ಇನ್ನೊಂದು ಪೇಚು ಗೊತ್ತಾದದ್ದು 2014ರಲ್ಲಿ. ಗಂಟಲಚೀಲ ಉಬ್ಬಿ ಇಳಿಯುವಾಗ ನೀರಿನ ಮೇಲೆ ಅಲೆಗಳ ಉಂಗುರಗಳೇಳುತ್ತವೆ. ತಲೆಯ ಮೇಲೆ ಬಾವಲಿ ಹಾದರೆ ಕಪ್ಪೆ ತಟ್ಟನೆ ಸುಮ್ಮನಾಗುತ್ತದೆ, ಆದರೆ ಎದ್ದ ಅಲೆ ಕೂಡಲೇ ನಿಲ್ಲದು. ಬಾವಲಿ ಪ್ರತಿಧ್ವನಿಯಿಂದ ಆ ಅಲೆಗಳನ್ನೇ ಗುರುತಿಸಿ ಎರಗುತ್ತದೆ ಎಂದು ವೌಟರ್ ಹಾಲ್ಫ್‌ವೆರ್ಕ್, ರಯಾನ್ ಮತ್ತಿತರರು ತೋರಿಸಿದರು.

ಈಗ ಕೊಂಚ ಕಷ್ಟದ ಭಾಗ. ನಿಧಾನವಾಗಿ ಓದಿ, ರಯಾನ್ ಅವರ ಹೆಸರು ಉಳಿಯುವುದು ಹೆಚ್ಚಾಗಿ ಇದರಿಂದ.

ಹೆಣ್ಣಿಗೆ ಚಕ್ ಇಷ್ಟ, ಸರಿ. ಈ ಇಷ್ಟ ಹುಟ್ಟಿದ್ದು ಯಾವಾಗ? ಸಾಮಾನ್ಯವಾಗಿ ನಾವು ಯೋಚಿಸುವುದು ಹೀಗೆ: ಮೊದಲು ಗಂಡಿನಲ್ಲಿ ಚಕ್ ಕಾಣಿಸಿಕೊಂಡಿತು, ಅದನ್ನು ಮೆಚ್ಚಿದ ಹೆಣ್ಣುಗಳಿಗೆ ಲಾಭವಾಯಿತು, ಹೀಗೆ ಚಕ್ ಮತ್ತು ಅದರ ಮೆಚ್ಚುಗೆ ಜೊತೆಜೊತೆಗೆ ಬೆಳೆದವು. ರಯಾನ್ ಇದನ್ನು ತಿರುಗಿಸಿ ಕೇಳಿದರು. ಮೆಚ್ಚುಗೆ ಮೊದಲೇ ಇದ್ದು, ಚಕ್ ಆಮೇಲೆ ಬಂದಿದ್ದರೆ?

ಕಪ್ಪೆಯ ಒಳಗಿವಿಯಲ್ಲಿ ದನಿ ಗ್ರಹಿಸುವ ಅಂಗಗಳು ಎರಡು. ಒಂದು ಕೆಳಗಿನ ಆವೃತ್ತಿಗಳಿಗೆ, ಇನ್ನೊಂದು ಮೇಲಿನ ಆವೃತ್ತಿಗಳಿಗೆ. ಟುಂಗಾರಾದ ನೀಳದನಿ ಮೊದಲನೆಯದನ್ನು ಮುಟ್ಟುತ್ತದೆ. ಚಕ್‌ನ ಶಕ್ತಿ ಬಹುಪಾಲು ಎರಡನೆಯದನ್ನು. ನರವಿಜ್ಞಾನಿ ವಾಲ್ಟರ್ ವಿಲ್ಜಿನ್ಸ್ಕಿ ಜೊತೆಗೂಡಿ ಅಳೆದಾಗ, ಆ ಎರಡನೇ ಅಂಗ ಹೆಚ್ಚು ಚುರುಕಾಗಿರುವುದು 2,100 ಹರ್ಟ್ಜ್ ಆಸುಪಾಸಿನಲ್ಲಿ ಎಂದು ಗೊತ್ತಾಯಿತು. ಸಾಮಾನ್ಯ ಗಂಡಿನ ಚಕ್‌ನ ಪ್ರಮುಖ ಆವೃತ್ತಿ 2,500ರ ಹತ್ತಿರ, ಅಂದರೆ ಕಿವಿಯ ಶ್ರುತಿಗಿಂತ ತುಸು ಮೇಲೆ. ದೊಡ್ಡ ಗಂಡಿನ ದಪ್ಪ ಚಕ್ ಆ ಶ್ರುತಿಗೆ ಹೆಚ್ಚು ಹತ್ತಿರ. ದಪ್ಪ ದನಿಯ ಮೇಲಿನ ಒಲವು ಇಲ್ಲಿಂದ ಬಂದಿರಬಹುದು.

ಸರಿ, ಕಿವಿಯೇ ಚಕ್‌ಗೆ ತಕ್ಕಂತೆ ಶ್ರುತಿಯಾಗಿರಬಹುದಲ್ಲ? ಅದಕ್ಕೆ ನೆಂಟರನ್ನು ಕೇಳಬೇಕು. ಈಕ್ವೆಡಾರಿನಲ್ಲಿ ಇದೇ ಗುಂಪಿನ ಕೊಲೊರಾಡೊರಮ್ ಎಂಬ ಜಾತಿಯ ಕಪ್ಪೆಯಿದೆ. ಅದರ ಗಂಡುಗಳು ಚಕ್ ಹಾಕುವುದೇ ಇಲ್ಲ. ಅದರ ಒಳಗಿವಿಯ ಶ್ರುತಿ ಮಾತ್ರ ಟುಂಗಾರಾದ ಹಾಗೆಯೇ. ರಯಾನ್ ಮತ್ತು ರ್‍ಯಾಂಡ್ ಅದರ ಕೂಗಿನ ಧ್ವನಿಮುದ್ರಣಕ್ಕೆ ಟುಂಗಾರಾದ ಚಕ್ ಅಂಟಿಸಿ, ಆ ಜಾತಿಯ ಹೆಣ್ಣುಗಳಿಗೆ ಕೇಳಿಸಿದರು. ತಮ್ಮ ಜಾತಿಯ ಯಾವ ಗಂಡೂ ಹಾಡದ ಆ ಬಾಲಂಗೋಚಿಯ ಕೂಗನ್ನೇ ಹೆಣ್ಣುಗಳು ಹೆಚ್ಚು ಮೆಚ್ಚಿದವು. ಅಂದರೆ ಎರಡೂ ಜಾತಿಗಳು ಬೇರೆಯಾಗುವ ಮೊದಲೇ, ಪೂರ್ವಜರ ಕಿವಿಯಲ್ಲಿ ಮತ್ತು ಮಿದುಳಿನಲ್ಲಿ, ಆ ಒಲವಿಗೆ ಜಾಗ ಸಿದ್ಧವಿತ್ತು. ಟುಂಗಾರಾದ ಗಂಡು ಅಲ್ಲಿಗೆ ಹೊಂದುವ ದನಿಯೊಂದನ್ನು ಆಮೇಲೆ ಪಡೆದುಕೊಂಡಿತು. 1990ರಲ್ಲಿ 'ನೇಚರ್' ಪತ್ರಿಕೆಯಲ್ಲಿ ರಯಾನ್ ಮತ್ತು ಜೊತೆಗಾರರು ಮಂಡಿಸಿದ ಈ ವಿಚಾರವನ್ನು ಇಂದ್ರಿಯಗಳ ಒಲವಿನ ಸದ್ಬಳಕೆ ಎನ್ನಬಹುದು, ದುರ್ಬಳಕೆ ಎಂದರೂ ತಪ್ಪಿಲ್ಲ. ಅದೇ ವರ್ಷ ಅಲೆಕ್ಸಾಂಡ್ರಾ ಬಸೋಲೊ ಮೀನುಗಳಲ್ಲಿ ಇಂಥದ್ದೇ ಫಲಿತಾಂಶ ಕೊಟ್ಟರು: ಬಾಲದಲ್ಲಿ ಕತ್ತಿಯಿಲ್ಲದ ಜಾತಿಯ ಹೆಣ್ಣುಮೀನುಗಳು, ಕೃತಕ ಕತ್ತಿ ಅಂಟಿಸಿದ ಗಂಡನ್ನು ಮೆಚ್ಚಿದವು.

ಒಂದು ಎಚ್ಚರಿಕೆ. ಇಂದು ಬದುಕಿರುವ ಒಂದೆರಡು ಜಾತಿಗಳನ್ನು ನೋಡಿ ಲಕ್ಷಾಂತರ ವರ್ಷಗಳ ಹಿಂದಿನ ಪೂರ್ವಜರ ಅಭಿರುಚಿ ಹೇಳುವುದು ಊಹೆಯ ಕೆಲಸ. ಎಷ್ಟು ನೆಂಟ ಜಾತಿಗಳನ್ನು ಪರೀಕ್ಷಿಸುತ್ತೇವೋ ಅಷ್ಟು ಊಹೆ ಗಟ್ಟಿಯಾಗುತ್ತದೆ, ಅಥವಾ ಸಡಿಲವಾಗುತ್ತದೆ. ಸಿದ್ಧಾಂತವನ್ನು ಪಾಠವಾಗಿ ಓದುವಾಗ ಇದು ಮರೆತುಹೋಗುತ್ತದೆ.

ಆಮೇಲಿನ ಕೆಲಸಗಳಲ್ಲಿ ರಯಾನ್ ಕಿವಿಯಿಂದ ಮಿದುಳಿನ ಕಡೆಗೆ ಸಾಗಿದರು. ಚಕ್‌ಗಳ ಸಂಖ್ಯೆ ಏಳಕ್ಕೇ ಏಕೆ ನಿಂತಿತು? ಬಾವಲಿಯ ಭಯ ಒಂದು ಕಾರಣವೆಂದು ಮೊದಲು ತಿಳಿದಿದ್ದರು. 2011ರಲ್ಲಿ ಕ್ಯಾರಿನ್ ಆಕ್ರೆ, ರಯಾನ್ ಮತ್ತಿತರರು ಇನ್ನೊಂದು ವಿವರಣೆ ಕೊಟ್ಟರು. ಸಂತೆಯಿಂದ ಬರುವಾಗ ಒಂದು ಕೈಯಲ್ಲಿ ಒಂದು ಕಿಲೋ, ಇನ್ನೊಂದರಲ್ಲಿ ಎರಡು ಕಿಲೋ ಚೀಲವಿದ್ದರೆ ಯಾವುದು ಭಾರವೆಂದು ಥಟ್ಟನೆ ಹೇಳುತ್ತೀರಿ. ಹತ್ತು ಮತ್ತು ಹನ್ನೊಂದು ಕಿಲೋ ಆದರೆ ತಡವರಿಸುತ್ತೀರಿ. ವ್ಯತ್ಯಾಸ ಅದೇ ಒಂದು ಕಿಲೋ, ಆದರೆ ನಮ್ಮ ಇಂದ್ರಿಯ ಅಳೆಯುವುದು ವ್ಯತ್ಯಾಸವನ್ನಲ್ಲ, ಅನುಪಾತವನ್ನು. ಇದಕ್ಕೆ ವೆಬರ್ ನಿಯಮ ಎನ್ನುತ್ತಾರೆ. ಹೆಣ್ಣುಕಪ್ಪೆಗೂ ಹಾಗೆಯೇ. ಒಂದು ಚಕ್‌ಗೂ ಎರಡಕ್ಕೂ ಇರುವ ವ್ಯತ್ಯಾಸ ಅದಕ್ಕೆ ಎದ್ದು ಕೇಳುತ್ತದೆ, ಐದಕ್ಕೂ ಆರಕ್ಕೂ ಇರುವುದು ಅಷ್ಟು ಕೇಳುವುದಿಲ್ಲ. ಆರನೆಯದು ಹಾಕಿ ಗಂಡಿಗೆ ಸಿಗುವುದು ಅಲ್ಪ. ಮಜವೆಂದರೆ ಬಾವಲಿಯೂ ಅದೇ ಅನುಪಾತದ ಲೆಕ್ಕದಲ್ಲಿ ಕೇಳುತ್ತದೆ. ಹಾಗಾಗಿ ಚಕ್‌ಗಳಿಗೆ ಕಡಿವಾಣ ಹಾಕಿರುವುದು ಬಾವಲಿಯ ಹಲ್ಲಿಗಿಂತ ಹೆಣ್ಣಿನ ಮಿದುಳಿನ ಮಿತಿ ಎಂಬುದು ಅವರ ವಾದ.

ಕಪ್ಪೆಯ ಆಕಾರದ ಬೊಂಬೆಗೆ ಗಾಳಿ ತುಂಬಿ ಉಬ್ಬುವ ಗಂಟಲಚೀಲ ಜೋಡಿಸಿ, ದನಿಯ ಜೊತೆ ನೋಟವೂ ಲೆಕ್ಕಕ್ಕೆ ಬರುತ್ತದೆಯೇ ಎಂದು ರಯಾನ್ ಮತ್ತು ರಯಾನ್ ಟೇಲರ್ (ಹೆಸರಿನ ಗೊಂದಲ ಬೇಡ, ಇವರು ಬೇರೆಯವರು) ಪರೀಕ್ಷಿಸಿದರು, ಬರುತ್ತದೆ. 2015ರಲ್ಲಿ ಅಮಾಂಡಾ ಲೀ ಜೊತೆ ಮಾಡಿದ ಪ್ರಯೋಗ ಇನ್ನೂ ಕುತೂಹಲದ್ದು. ಎರಡು ಕೂಗುಗಳ ನಡುವೆ ಹೆಣ್ಣಿಗೆ ಒಂದು ಇಷ್ಟ ಎಂದು ಗೊತ್ತಾದ ಮೇಲೆ, ಮೂರನೆಯದಾಗಿ ಇನ್ನೊಂದು ಕಳಪೆ ಕೂಗನ್ನು ಸೇರಿಸಿದರು. ಆ ಮೂರನೆಯದನ್ನು ಹೆಚ್ಚಿನವು ಆರಿಸಲಿಲ್ಲ. ಆದರೆ ಅದು ಬಂದದ್ದೇ ತಡ ಮೊದಲ ಎರಡರ ನಡುವಿನ ಆದ್ಯತೆ ತಿರುವುಮುರುವಾಯಿತು. ಹೆಣ್ಣಿನ ಮನಸ್ಸಿನಲ್ಲಿ ಪ್ರತಿ ಗಂಡಿಗೂ ಒಂದು ನಿಗದಿತ ಅಂಕ ಇರುತ್ತದೆ ಎಂದು ನಂಬಿ ಕಟ್ಟಿದ ಎಷ್ಟೋ ಲೆಕ್ಕಾಚಾರಗಳಿಗೆ ಇದು ಪೆಟ್ಟು ಕೊಟ್ಟಿತು.

ಪನಾಮಾ ನಗರದಲ್ಲೂ ಈ ಕಪ್ಪೆಗಳಿವೆ. ನಗರದಲ್ಲಿ ಬಾವಲಿ, ನೊಣಗಳ ಕಾಟ ಕಡಿಮೆ, ಆದ್ದರಿಂದ ಅಲ್ಲಿನ ಗಂಡುಗಳು ಕಾಡಿನವಕ್ಕಿಂತ ಹೆಚ್ಚು ಚಕ್ ಸೇರಿಸಿ ಕೂಗುತ್ತವೆ. ಅವನ್ನು ಕಾಡಿಗೆ ಒಯ್ದಾಗ ಚಕ್ ತಗ್ಗಿಸಿಕೊಂಡವು. ಕಾಡಿನವನ್ನು ನಗರಕ್ಕೆ ತಂದಾಗ ಮಾತ್ರ ಅವಕ್ಕೆ ಏರಿಸಿಕೊಳ್ಳಲು ಆಗಲಿಲ್ಲ.

1980ರ ದಶಕದಿಂದ ರಯಾನ್ ಇದ್ದದ್ದು ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ. 1985ರಲ್ಲಿ ಟುಂಗಾರಾ ಕಪ್ಪೆಯ ಮೇಲೆ ಬರೆದ ಅವರ ಪುಸ್ತಕ ಪರಿಣತರಿಗಾದರೆ, 2018ರ 'ಎ ಟೇಸ್ಟ್ ಫಾರ್ ದಿ ಬ್ಯೂಟಿಫುಲ್' ಸಾಮಾನ್ಯ ಓದುಗರಿಗೆ. ಇಂಗ್ಲಿಷ್ ಓದಬಲ್ಲವರು ಎರಡನೆಯದರಿಂದ ಶುರುಮಾಡಿ. ಕೊನೆಯ ಅಧ್ಯಾಯಗಳಲ್ಲಿ ಕಪ್ಪೆಯಿಂದ ಮನುಷ್ಯರ ಅಭಿರುಚಿಯ ಕಡೆಗೆ ಅವರು ಹಾಕುವ ಹಾರಿಕೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕಪ್ಪೆಗಳ ಭಾಗ ಮಾತ್ರ ಬಹಳ ಸೊಗಸು.

ಇಂಥ ಕೆಲಸಕ್ಕೆ ಪನಾಮಾಕ್ಕೇ ಹೋಗಬೇಕೇ ಎಂದು ಯಾರಾದರೂ ಕೇಳಿದರೆ, ಬೇಡ. 2014ರಲ್ಲಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಉತ್ತರ ಕನ್ನಡದ ಕಾಡುತೊರೆಗಳಿಂದ ಕುಂಬಾರ ಕಪ್ಪೆ ಎಂಬ ಹೊಸ ಜಾತಿಯನ್ನು ವಿವರಿಸಿದರು. ತೊರೆಯ ಮೇಲಿನ ಕಡ್ಡಿ ಕೊಂಬೆಗಳಿಗೆ ಅಂಟಿಸಿದ ಮೊಟ್ಟೆಗಳಿಗೆ ಗಂಡು ತನ್ನ ಮುಂಗಾಲುಗಳಿಂದ ಕೆಸರು ತಂದು ಮೆತ್ತುತ್ತದೆ. ಅದನ್ನು ಕಂಡುಕೊಂಡದ್ದೂ ರಾತ್ರಿ ತೊರೆಯಲ್ಲಿ ನಿಂತು ನೋಡಿಯೇ. ಪಶ್ಚಿಮ ಘಟ್ಟದ ಬಹುಪಾಲು ಕಪ್ಪೆಗಳ ಹೆಣ್ಣುಗಳು ಯಾವ ದನಿಯನ್ನು ಏಕೆ ಆರಿಸುತ್ತವೆ ಎಂದು ಎರಡು ಸ್ಪೀಕರ್ ಇಟ್ಟು ಕೇಳುವ ಕೆಲಸ ಇನ್ನೂ ಬೇಕಾದಷ್ಟಿದೆ.

ಆಸಕ್ತಿ ಇರುವವರು ಮುಂದಿನ ಮುಂಗಾರಿನಲ್ಲಿ ಮನೆಯ ಹತ್ತಿರದ ಒಂದು ಹೊಂಡವನ್ನು ಆರಿಸಿಕೊಳ್ಳಿ. ಟಾರ್ಚಿಗೆ ಕೆಂಪು ಹಾಳೆ ಕಟ್ಟಿ, ಗಂಬೂಟು ಹಾಕಿ, ಹಾವು ನೋಡಿಕೊಂಡು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಮೊಬೈಲಿನಲ್ಲಿ ದನಿ ಮುದ್ರಿಸಿ. ದಿನಾಂಕ, ಹೊತ್ತು, ಮಳೆ ಬಂದದ್ದು ಯಾವಾಗ, ಎಷ್ಟು ಬಗೆಯ ಕೂಗು ಎಂದು ಪುಸ್ತಕದಲ್ಲಿ ಬರೆದಿಡಿ. ಕಪ್ಪೆಗಳನ್ನು ಹಿಡಿಯಬೇಡಿ, ಗೂಡು ಮುಟ್ಟಬೇಡಿ. ಗುರುತು ಹಾಕುವ ಕೆಲಸಕ್ಕೆ ಅನುಮತಿಯೂ ತರಬೇತಿಯೂ ಬೇಕು. ಒಂದೇ ಹೊಂಡಕ್ಕೆ ಮತ್ತೆ ಮತ್ತೆ ಹೋಗಿ.